ಪಟ್ಟೆಕಾಲಿನ ಸನ್ಯಾಸಿ ಏಡಿಗೆ ಯಾವ ಹೆಸರು?

ಪ್ರಶ್ನೆ: ಹವಳದ ದಿಬ್ಬದ ಮೇಲೆ ಈಜುತ್ತಿದ್ದಾಗ ಒಂದು ಸನ್ಯಾಸಿ ಏಡಿಯನ್ನು ಕಂಡೆ. ಕಾಲುಗಳಿಗೆಲ್ಲ ಕೆಂಪು, ಹಳದಿ ಬಳೆ ತೊಡಿಸಿದಂತೆ ಪಟ್ಟೆಗಳಿದ್ದವು. ಅದು ಹೊಕ್ಕಿದ್ದ ಶಂಖದ ಬಾಯಿ ಸೀಳಿನಷ್ಟು ಕಿರಿದಾಗಿತ್ತು. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ಹಳೆಯ ಕೈಪಿಡಿಯೊಂದರಲ್ಲಿ ಇಂಥದ್ದೇ ಏಡಿಯನ್ನು ಟ್ರೈಜೋಪಗುರಸ್ ಸ್ಟ್ರಿಗೇಟಸ್ ಎಂದು ಕರೆದಿದ್ದಾರೆ, ಹೊಸದರಲ್ಲಿ ಸಿಲಿಯೋಪಗುರಸ್ ಸ್ಟ್ರಿಗೇಟಸ್ ಎಂದಿದೆ. ಅಕ್ವೇರಿಯಂ ಸಾಕುವ ಗೆಳೆಯರೊಬ್ಬರು ಇದು ‘ಹ್ಯಾಲೋವೀನ್ ಏಡಿ’ ಎನ್ನುತ್ತಾರೆ. ಮೂರೂ ಒಂದೇ ಪ್ರಾಣಿಯೇ? ಯಾವ ಹೆಸರು ಸರಿ? ಬಣ್ಣವನ್ನು ನೋಡಿ ಪ್ರಭೇದವನ್ನು ಗುರುತಿಸಬಹುದೇ?

ಉತ್ತರ: ನೇರ ಉತ್ತರವನ್ನು ಮೊದಲು ಕೊಟ್ಟುಬಿಡುತ್ತೇನೆ. ನೀವು ಬರೆದ ಮೂರು ಹೆಸರುಗಳೂ ಒಂದೇ ಪ್ರಾಣಿಗೆ ಬಳಕೆಯಾಗಿರುವಂಥವು. ಈಗ ಬಳಸಬೇಕಾದದ್ದು ಸಿಲಿಯೋಪಗುರಸ್ ಸ್ಟ್ರಿಗೇಟಸ್. ಹ್ಯಾಲೋವೀನ್ ಏಡಿ ಎಂಬುದು ಅಕ್ವೇರಿಯಂ ವ್ಯಾಪಾರದವರು ಇಟ್ಟ ಹೆಸರು. ವ್ಯಾಪಾರದ ಹೆಸರುಗಳಿಗೆ ಯಾವ ಕಟ್ಟುಪಾಡೂ ಇಲ್ಲದಿರುವುದರಿಂದ ಅದನ್ನು ಗುರುತಿನ ಆಧಾರವಾಗಿ ಇಟ್ಟುಕೊಳ್ಳಬೇಡಿ. ನಿಮ್ಮ ಚಿತ್ರದಲ್ಲಿರುವುದು ಸಿಲಿಯೋಪಗುರಸ್ ಕುಲದ ಏಡಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದು ಸ್ಟ್ರಿಗೇಟಸ್ ಪ್ರಭೇದವೇ ಎಂದು ಮುದ್ರೆ ಒತ್ತಲು ಮಾತ್ರ ನಿಮ್ಮಿಂದ ಒಂದು ಸಂಗತಿ ಬೇಕು. ಚಿತ್ರ ತೆಗೆದದ್ದು ಯಾವ ಕಡಲಿನಲ್ಲಿ, ಯಾವ ದ್ವೀಪದ ಬಳಿ? ‘ಹವಳದ ದಿಬ್ಬ’ ಎಂದಷ್ಟೇ ಬರೆದಿದ್ದೀರಿ. ಈ ಏಡಿಯ ಮಟ್ಟಿಗೆ ಜಾಗದ ಹೆಸರು ಅರ್ಧ ಉತ್ತರವೇ ಆಗಿದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಬಣ್ಣದ ಬಗ್ಗೆ ಕೇಳಿದ್ದೀರಿ. ಬಣ್ಣದಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ, ಬಣ್ಣವನ್ನು ಬಿಟ್ಟುಬಿಟ್ಟರೆ ಗುರಿ ಮುಟ್ಟುವುದಿಲ್ಲ. ವಿದ್ಯಾರ್ಥಿಯಾಗಿದ್ದಾಗ ನನಗೆ ಇದು ಒಂದು ಗಾಜಿನ ಜಾಡಿಯಿಂದ ಮನವರಿಕೆಯಾಯಿತು. ಮದ್ಯಸಾರದಲ್ಲಿ ವರ್ಷಗಟ್ಟಲೆ ಮುಳುಗಿದ್ದ ಒಂದು ಸನ್ಯಾಸಿ ಏಡಿಯನ್ನು ಗುರುತಿಸಲು ಕೊಟ್ಟಿದ್ದರು. ಮೇಣದ ಹಾಗೆ ಬಿಳಿಚಿಕೊಂಡಿತ್ತು. ಎರಡು ಇಕ್ಕಳಗಳೂ ಹೆಚ್ಚುಕಡಿಮೆ ಸಮ, ಕಾಲುಗಳ ಮೇಲೆ ಅಡ್ಡಡ್ಡ ಗೆರೆ, ಗೆರೆಗಳ ಅಂಚಿನಲ್ಲಿ ರೋಮ. ನಾನು ಹಿಂದುಮುಂದು ನೋಡದೆ ‘ಅನಿಕ್ಯುಲಸ್’ ಎಂಬ ಇನ್ನೊಂದು ಕುಲದ ಹೆಸರನ್ನು ಚೀಟಿಯಲ್ಲಿ ಬರೆದೆ. ನಮ್ಮ ಗುರುಗಳು ಏನೂ ಹೇಳದೆ ಏಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸೂಜಿಯ ಮೊನೆಯಿಂದ ಅದರ ಇಕ್ಕಳವನ್ನು ಹೊರಕ್ಕೆ ತಿರುಗಿಸಿ, ‘ಒಳಮುಖ ನೋಡಿದೆಯಾ?’ ಎಂದು ಕೇಳಿದರು. ಅಂಗೈಯ ಒಳಭಾಗದಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿ ಓಡುವ ಏಣುಗಳು. ನಾನು ಬರೆದ ಚೀಟಿ ತಪ್ಪಾಗಿತ್ತು. ನಿಮ್ಮ ಎರಡನೆಯ ಚಿತ್ರವನ್ನು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಏಣುಗಳು. ಅದಕ್ಕೇ ಇಷ್ಟು ಧೈರ್ಯವಾಗಿ ಕುಲದ ಹೆಸರು ಹೇಳುತ್ತಿದ್ದೇನೆ.

ಮೇಲಿನಿಂದ ಕೆಳಕ್ಕೆ ಇಳಿದು ಬರೋಣ. ಹೆಸರಿನಲ್ಲಿ ಏಡಿ ಎಂದಿದ್ದರೂ ಸನ್ಯಾಸಿ ಏಡಿ ನಿಜವಾದ ಏಡಿಗಳ ಗುಂಪಿಗೆ ಸೇರಿದ್ದಲ್ಲ. ನಿಜವಾದ ಏಡಿಗಳದ್ದು ಬ್ರಾಕಿಯೂರಾ, ಸನ್ಯಾಸಿ ಏಡಿಗಳದ್ದು ಅನೋಮೂರಾ. ನಿಮ್ಮ ಮೊದಲನೆಯ ಚಿತ್ರದಲ್ಲಿ ಕಾಲುಗಳನ್ನು ಎಣಿಸಿ. ಇಕ್ಕಳಗಳ ಜೋಡಿಯನ್ನು ಬಿಟ್ಟರೆ ನಡೆಯುವ ಕಾಲುಗಳು ಎರಡೇ ಜೋಡಿ ಕಾಣುತ್ತವೆ. ನಾಲ್ಕನೆಯ ಮತ್ತು ಐದನೆಯ ಜೋಡಿಗಳು ಚಿಕ್ಕದಾಗಿ ಶಂಖದ ಒಳಗೇ ಉಳಿದಿವೆ. ಅವುಗಳ ತುದಿಯಲ್ಲಿ ಅರದಂತೆ ಒರಟಾದ ಹುರುಪೆಗಳ ತೇಪೆಯೊಂದಿದ್ದು, ಶಂಖದ ಒಳಗೋಡೆಗೆ ಅದನ್ನು ಒತ್ತಿ ಹಿಡಿದು ಪ್ರಾಣಿ ತನ್ನನ್ನು ನೆಲೆಗೊಳಿಸಿಕೊಳ್ಳುತ್ತದೆ. ಹೊಟ್ಟೆಯ ಭಾಗ ಮೆತ್ತಗೆ, ಚಿಪ್ಪಿಲ್ಲದೆ, ಬಲಕ್ಕೆ ಸುರುಳಿಯಾಗಿರುತ್ತದೆ. ಸಮುದ್ರದ ಶಂಖಗಳಲ್ಲಿ ಬಹುಪಾಲು ಬಲಮುರಿಯಾಗಿರದೆ ಇದ್ದಿದ್ದರೆ ಈ ಪ್ರಾಣಿಯ ಮೈ ಹೀಗೆ ತಿರುಚಿಕೊಳ್ಳುತ್ತಿರಲಿಲ್ಲ. ಹೊಟ್ಟೆಯ ತುದಿಯಲ್ಲಿರುವ ಬಾಲದ ಕಾಲುಗಳಲ್ಲಿ ಎಡಗಡೆಯದು ದೊಡ್ಡದು. ಶಂಖದ ನಡುಗಂಬವನ್ನು ಕೊಕ್ಕೆಯಂತೆ ಹಿಡಿಯುವುದು ಅದರ ಕೆಲಸ. (‘ಬಲಮುರಿ’ ಎಂಬ ಮಾತನ್ನು ಇಲ್ಲಿ ಪ್ರಾಣಿಶಾಸ್ತ್ರದ ಅರ್ಥದಲ್ಲಿ ಬಳಸಿದ್ದೇನೆ: ಶಂಖದ ಮೊನೆಯನ್ನು ಮೇಲಕ್ಕೆ, ಬಾಯಿಯನ್ನು ನಮ್ಮ ಕಡೆಗೆ ಹಿಡಿದಾಗ ಬಾಯಿ ಬಲಗಡೆ ಬರುವಂಥದ್ದು. ಪೂಜೆಯ ಬಲಮುರಿ ಶಂಖದ ಲೆಕ್ಕ ಇದಕ್ಕೆ ತಿರುಗುಮುರುಗು.)

ಸನ್ಯಾಸಿ ಏಡಿಗಳಲ್ಲಿ 1100ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳನ್ನು ಕುಟುಂಬಗಳಾಗಿ ಬೇರ್ಪಡಿಸುವಾಗ ಎಲ್ಲರೂ ಮೊದಲು ನೋಡುವುದು ಯಾವ ಇಕ್ಕಳ ದೊಡ್ಡದು ಎಂಬುದನ್ನು. ಎಡ ಇಕ್ಕಳ ದೊಡ್ಡದಾದರೆ ಡಯೋಜಿನಿಡೇ, ಬಲ ದೊಡ್ಡದಾದರೆ ಪಗುರಿಡೇ ಎಂದು ಪುಸ್ತಕಗಳು ಹೇಳುತ್ತವೆ. ಉಷ್ಣವಲಯದ ಆಳವಿಲ್ಲದ ನೀರಿನಲ್ಲಿ ಮೊದಲ ಗುಂಪಿನದೇ ಮೇಲುಗೈ. ಆದರೆ ಈ ಸೂತ್ರಕ್ಕೆ ಅಪವಾದಗಳಿವೆ. ಕ್ಲಿಬನೇರಿಯಸ್ ಕುಲದಲ್ಲಿ ಎರಡೂ ಇಕ್ಕಳಗಳು ಸಮ. ಪೆಟ್ರೋಕೈರಸ್ ಡಯೋಜಿನಿಡೇ ಕುಟುಂಬದ್ದೇ ಆಗಿದ್ದೂ ಅದರ ಬಲ ಇಕ್ಕಳವೇ ತುಸು ದೊಡ್ಡದು. ನಿಮ್ಮ ಏಡಿಯಲ್ಲಿ ಎರಡೂ ಸಮವಾಗಿರುವುದರಿಂದ ಈ ಸೂತ್ರ ಕೈಕೊಡುತ್ತದೆ. ನಂಬಬಹುದಾದ ಗುರುತು ಬಾಯಿಯ ಬಳಿ ಇದೆ. ಬಾಯಿಯನ್ನು ಮುಚ್ಚುವ ಅಂಗಗಳಲ್ಲಿ ಅತ್ಯಂತ ಹೊರಗಿನ ಜೋಡಿಯ ಬುಡಗಳು ಡಯೋಜಿನಿಡೇಯಲ್ಲಿ ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುತ್ತವೆ. ಪಗುರಿಡೇಯಲ್ಲಿ ಅವುಗಳ ನಡುವೆ ಅಗಲವಾದ ಜಾಗವಿರುತ್ತದೆ. ಇದು ನೀರಿನಲ್ಲಿ ತೆಗೆದ ಚಿತ್ರದಲ್ಲಿ ಕಾಣಿಸುವುದು ಅಪರೂಪ. ನಿಮ್ಮ ಚಿತ್ರಗಳಲ್ಲೂ ಕಾಣುವುದಿಲ್ಲ. ಅದೃಷ್ಟಕ್ಕೆ ಕುಲದ ಗುರುತೇ ಎದ್ದುಕಾಣುತ್ತಿರುವಾಗ ಕುಟುಂಬ ತಾನಾಗಿಯೇ ತಿಳಿಯುತ್ತದೆ.

ಕುಟುಂಬದ ಹೆಸರು ಹೊಸ ದತ್ತಾಂಶ ಕೋಶಗಳಲ್ಲಿ ಬೇರೆಯಾಗಿ ಕಂಡರೆ ಗಾಬರಿಯಾಗಬೇಡಿ. ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳನ್ನು ಸೀನೋಬಿಟಿಡೇ ಎಂಬ ಪ್ರತ್ಯೇಕ ಕುಟುಂಬದಲ್ಲಿ ಇಟ್ಟಿದ್ದಾರೆ. ಡಿಎನ್‌ಎ ಅಧ್ಯಯನಗಳು ಅವು ಡಯೋಜಿನಿಡೇಯ ವಂಶವೃಕ್ಷದ ಒಳಗಿನದೇ ಒಂದು ಕೊಂಬೆ ಎಂದು ತೋರಿಸುತ್ತವೆ. 2017ರಲ್ಲಿ ಪಳೆಯುಳಿಕೆಗಳ ಬೆನ್ನಚಿಪ್ಪನ್ನು ಅಧ್ಯಯನ ಮಾಡಿದವರು ಕ್ಯಾಲ್ಸಿನಿಡೇ ಎಂಬ ಇನ್ನೊಂದು ಕುಟುಂಬವನ್ನು ಮುಂದಿಟ್ಟರು. ಮನೆ ಪಾಲಾಗುವ ಕೆಲಸ ಇನ್ನೂ ನಡೆದಿದೆ. ಪ್ರಭೇದದ ಗುರುತಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಕುಲದ ಮಟ್ಟದಲ್ಲಿ ನಾನು ಒಂದೊಂದನ್ನೇ ಪಕ್ಕಕ್ಕಿಡುತ್ತಾ ಬಂದೆ. ಹವಳದ ದಿಬ್ಬಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವ ದೊಡ್ಡ ಕೆಂಪು ಸನ್ಯಾಸಿ ಏಡಿಗಳು ಡಾರ್ಡಾನಸ್ ಕುಲದವು. ಅವುಗಳಲ್ಲಿ ಡಾರ್ಡಾನಸ್ ಮೆಗಿಸ್ಟೋಸ್ ಎಂಬುದು ಕಿತ್ತಳೆಗೆಂಪು ಮೈಮೇಲೆ ಕಪ್ಪು ಅಂಚಿನ ಬಿಳಿ ಚುಕ್ಕೆಗಳನ್ನು ಹೊತ್ತಿರುತ್ತದೆ. ಡಾರ್ಡಾನಸ್ ಪೆಡುಂಕ್ಯುಲೇಟಸ್ ತನ್ನ ಶಂಖದ ಮೇಲೆ ಕಡಲ ಹೂಗಳನ್ನು (ಸೀ ಅನಿಮೋನ್ ಎಂಬ ಹೂವಿನಂತಹ ಪ್ರಾಣಿಗಳನ್ನು) ಕೂರಿಸಿಕೊಂಡು ತಿರುಗುತ್ತದೆ. ನಿಮ್ಮದಕ್ಕೆ ಚುಕ್ಕೆಯೂ ಇಲ್ಲ, ಕಡಲ ಹೂವೂ ಇಲ್ಲ, ಎಡ ಇಕ್ಕಳ ದೊಡ್ಡದೂ ಅಲ್ಲ. ಕ್ಯಾಲ್ಸಿನಸ್ ಏಡಿಗಳ ಕಾಲು ನುಣುಪಾಗಿರುತ್ತದೆ, ಎಡ ಇಕ್ಕಳ ಸಾಮಾನ್ಯವಾಗಿ ಉಬ್ಬಿಕೊಂಡು ಶಂಖದ ಬಾಯಿಗೆ ಬಾಗಿಲಾಗಬಲ್ಲಷ್ಟು ದೊಡ್ಡದಿರುತ್ತದೆ. ಡಯೋಜಿನಿಸ್ ಕುಲದಲ್ಲೂ ಎಡ ಇಕ್ಕಳವೇ ದೊಡ್ಡದು. ಜೊತೆಗೆ ಎರಡು ಕಣ್ಣುತೊಟ್ಟುಗಳ ಬುಡದ ನಡುವೆ ಅಲುಗಾಡುವ ಒಂದು ಪುಟ್ಟ ಮುಳ್ಳು ಇರುತ್ತದೆ. ಅದು ಕಂಡರೆ ಬೇರೇನನ್ನೂ ನೋಡಬೇಕಿಲ್ಲ. ಕ್ಲಿಬನೇರಿಯಸ್‌ನ ಇಕ್ಕಳಗಳು ಸಮವಾಗಿದ್ದರೂ ಆ ಕುಲದ ಅನೇಕ ಪ್ರಭೇದಗಳಲ್ಲಿ ಕಾಲಿನ ಪಟ್ಟೆ ಉದ್ದಕ್ಕೆ ಓಡುತ್ತದೆ. ನಿಮ್ಮ ಏಡಿಯ ಪಟ್ಟೆ ಅಡ್ಡಕ್ಕೆ, ಬಳೆಯಂತೆ ಕಾಲನ್ನು ಸುತ್ತಿದೆ. ಉದ್ದಪಟ್ಟೆ, ಅಡ್ಡಪಟ್ಟೆ ಎಂಬ ಈ ಒಂದು ವ್ಯತ್ಯಾಸವನ್ನು ನೆನಪಿಟ್ಟುಕೊಂಡರೂ ಹೊಸಬರ ಎಷ್ಟೋ ತಪ್ಪುಗಳು ನಿಲ್ಲುತ್ತವೆ.

ಕೊನೆಗೆ ಉಳಿದದ್ದು ಅನಿಕ್ಯುಲಸ್, ನಾನು ಅಂದು ಎಡವಿದ ಕುಲ. ಅದರಲ್ಲೂ ಇಕ್ಕಳಗಳು ಸಮ, ಕಾಲುಗಳಿಗೆ ಅಡ್ಡಗೆರೆ, ಗೆರೆಗೆ ರೋಮ. ಜೀವಂತವಾಗಿ ನೋಡಿದರೆ ಅನಿಕ್ಯುಲಸ್ ಹೆಚ್ಚು ಕೆದರಿದಂತೆ, ಪೊದೆಗೂದಲಿನ ಪ್ರಾಣಿಯಂತೆ ಕಾಣುತ್ತದೆ. ಸಿಲಿಯೋಪಗುರಸ್‌ನ ರೋಮ ಗಿಡ್ಡ, ಗೆರೆಗೆ ಅಂಟಿಕೊಂಡಂತಿರುತ್ತದೆ. ನಿಮ್ಮ ಮೂರನೆಯ ಚಿತ್ರವನ್ನು ಪರದೆಯ ಮೇಲೆ ಆದಷ್ಟು ಹಿಗ್ಗಿಸಿ, ಕಾಲಿನ ಕೊನೆಯಿಂದ ಎರಡನೆಯ ಗಣ್ಣನ್ನು ನೋಡಿ. ಕಾಲನ್ನು ಅಡ್ಡಲಾಗಿ ಸುತ್ತುವ ಸಣ್ಣ ತಗ್ಗುಗೆರೆಗಳಿವೆ. ಪ್ರತಿ ಗೆರೆಯ ಅಂಚಿನಲ್ಲಿ ಕಣ್ಣಿನ ರೆಪ್ಪೆಗೂದಲಿನಂತಹ ಸಾಲು. ಕುಲದ ಹೆಸರಿನಲ್ಲಿರುವ ‘ಸಿಲಿಯೋ’ ಬಂದದ್ದು ಈ ರೆಪ್ಪೆಗೂದಲಿನಿಂದಲೇ.

ಆದರೂ ರೋಮ ಎಷ್ಟು ಉದ್ದ ಎಂಬುದು ನೋಡುವವರ ಕಣ್ಣಿಗೆ ಬಿಟ್ಟ ಮಾತು. ವಾದಕ್ಕೆ ಆಸ್ಪದವಿಲ್ಲದ ಗುರುತು ಇಕ್ಕಳದ ಒಳಮುಖದ ಏಣುಗಳೇ. ಎರಡನೆಯ ಚಿತ್ರದಲ್ಲಿ ಏಡಿ ತನ್ನ ಎಡ ಇಕ್ಕಳವನ್ನು ತುಸು ಹೊರಕ್ಕೆ ತಿರುಗಿಸಿದೆ. ಬೆಳಕು ಓರೆಯಾಗಿ ಬಿದ್ದ ಜಾಗದಲ್ಲಿ, ಬೆರಳುಗಳು ಶುರುವಾಗುವುದಕ್ಕೆ ಮುಂಚಿನ ಅಂಗೈಭಾಗದಲ್ಲಿ, ಉಗುರಿನಷ್ಟೇ ಹೊಳಪಿನ ಒಂದು ತೇಪೆ ಕಾಣುತ್ತದೆ. ಅದರ ತುಂಬ ಎಳೆ ಎಳೆಯಾದ ಗೆರೆಗಳು. ಬಲ ಇಕ್ಕಳದಲ್ಲೂ ಅಂಥದ್ದೇ ತೇಪೆ ಇರುತ್ತದೆ. ಎರಡನ್ನೂ ಒಂದಕ್ಕೊಂದು ಉಜ್ಜಿ ಈ ಏಡಿಗಳು ಸದ್ದು ಹೊರಡಿಸುತ್ತವೆ, ಮಿಡತೆ ಕಾಲನ್ನು ರೆಕ್ಕೆಗೆ ಉಜ್ಜಿದ ಹಾಗೆ. ಅನಿಕ್ಯುಲಸ್‌ಗೆ ಈ ವಾದ್ಯವಿಲ್ಲ. ಡಾರ್ಡಾನಸ್, ಕ್ಯಾಲ್ಸಿನಸ್, ಕ್ಲಿಬನೇರಿಯಸ್‌ಗಳಿಗೂ ಇಲ್ಲ. ನೀವು ಗೊತ್ತಿಲ್ಲದೆಯೇ ತೆಗೆದ ಆ ಕೋನ ನನ್ನ ಮುಕ್ಕಾಲು ಕೆಲಸವನ್ನು ಮುಗಿಸಿತು.

ಈ ವಾದ್ಯವೇ ನಿಮ್ಮ ಹೆಸರಿನ ಗೊಂದಲಕ್ಕೂ ಮೂಲ. ಕಥೆ 1804ರಿಂದ ಆರಂಭವಾಗುತ್ತದೆ. ಬರ್ಲಿನ್ನಿನಲ್ಲಿ ಪಾದ್ರಿಯಾಗಿದ್ದ ಯೋಹಾನ್ ಫ್ರೀಡ್ರಿಖ್ ವಿಲ್ಹೆಲ್ಮ್ ಹರ್ಬ್ಸ್ಟ್ ಎಂಬವರು 1782ರಿಂದ 1804ರ ತನಕ ಏಡಿ, ಸೀಗಡಿಗಳ ಬಗ್ಗೆ ಮೂರು ಸಂಪುಟಗಳನ್ನು ಹೊರತಂದರು. ಅದರಲ್ಲಿ ಈ ಪ್ರಾಣಿಗೆ ಕ್ಯಾನ್ಸರ್ ಸ್ಟ್ರಿಗೇಟಸ್ ಎಂದು ಹೆಸರಿಟ್ಟರು. ಕ್ಯಾನ್ಸರ್ ಎಂದರೆ ಲ್ಯಾಟಿನ್ನಿನಲ್ಲಿ ಏಡಿ. ಹರ್ಬ್ಸ್ಟ್ ಅವರು ಏಡಿ ಜಾತಿಯ ಬಹುತೇಕ ಪ್ರಾಣಿಗಳನ್ನೆಲ್ಲ ಆ ಒಂದೇ ಚೀಲದಲ್ಲಿ ತುಂಬಿದ್ದರು. ಸ್ಟ್ರಿಗೇಟಸ್ ಎಂದರೆ ಗೆರೆಗೆರೆಯಾದದ್ದು. ಮುಂದೆ ಕುಲಗಳು ಬಿಡಿಬಿಡಿಯಾದಂತೆ ಈ ಏಡಿಯೂ ಮನೆ ಬದಲಿಸುತ್ತ ಬಂತು. 1952ರಲ್ಲಿ ಫ್ರಾನ್ಸಿನ ಜಾಕ್ ಫೊರೆ ಅವರು ಇಕ್ಕಳ ಉಜ್ಜಿ ಸದ್ದು ಮಾಡುವ ಸನ್ಯಾಸಿ ಏಡಿಗಳನ್ನು ಒಂದೆಡೆ ಸೇರಿಸಿ ಟ್ರೈಜೋಪಗುರಸ್ ಎಂಬ ಕುಲವನ್ನು ಕಟ್ಟಿದರು. ಗ್ರೀಕ್ ಭಾಷೆಯ ‘ಟ್ರೈಜೋ’ ಎಂದರೆ ಕಿರುಗುಟ್ಟು. ನಿಮ್ಮ ಹಳೆಯ ಕೈಪಿಡಿಯ ಹೆಸರು ಅಲ್ಲಿಂದ ಬಂದದ್ದು.

ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವ ಭಾಗ ಇದರ ನಂತರದ್ದು. 43 ವರ್ಷಗಳಾದ ಮೇಲೆ, 1995ರಲ್ಲಿ, ಅದೇ ಫೊರೆ ಅವರು ತಾವೇ ಕಟ್ಟಿದ ಕುಲವನ್ನು ಬಿಚ್ಚಿ ಮತ್ತೆ ಪರೀಕ್ಷಿಸಿದರು. ಸದ್ದು ಮಾಡುತ್ತವೆ ಎಂಬ ಒಂದೇ ಕಾರಣಕ್ಕೆ ಒಟ್ಟಿಗಿದ್ದ ಏಡಿಗಳು ಉಳಿದ ರಚನೆಯಲ್ಲಿ ಒಂದೇ ತೆರನಾಗಿರಲಿಲ್ಲ. ಅವುಗಳಲ್ಲಿ ಕೆಲವನ್ನು ಮಾತ್ರ ಟ್ರೈಜೋಪಗುರಸ್‌ನಲ್ಲಿ ಉಳಿಸಿ, ಉಳಿದವಕ್ಕೆ ಸಿಲಿಯೋಪಗುರಸ್, ಸ್ಟ್ರಿಗೋಪಗುರಸ್ ಎಂಬ ಎರಡು ಹೊಸ ಕುಲಗಳನ್ನು ಮಾಡಿದರು. ಕಾಲುಗಳಲ್ಲಿ ರೋಮದ ಅಡ್ಡಗೆರೆ ಇರುವ ನಿಮ್ಮ ಏಡಿ ಸಿಲಿಯೋಪಗುರಸ್‌ಗೆ ಬಂತು. ಹೀಗಾಗಿ ಟ್ರೈಜೋಪಗುರಸ್ ಎಂಬ ಕುಲ ಇಂದಿಗೂ ಇದೆ, ಆದರೆ ನಿಮ್ಮ ಏಡಿ ಅದರಲ್ಲಿಲ್ಲ. 1995ಕ್ಕೆ ಮುಂಚಿನ ಕೈಪಿಡಿಯನ್ನು ತಪ್ಪು ಎನ್ನಲಾಗದು. ಅದು ಬರೆದ ಕಾಲಕ್ಕೆ ಅದೇ ಸರಿಯಾಗಿತ್ತು.

ಹೆಸರನ್ನು ಪೂರ್ಣವಾಗಿ ಬರೆಯುವಾಗ ಸಿಲಿಯೋಪಗುರಸ್ ಸ್ಟ್ರಿಗೇಟಸ್ (ಹರ್ಬ್ಸ್ಟ್, 1804) ಎಂದು ಬರೆಯುತ್ತಾರೆ. ಆ ಆವರಣ ಚಿಹ್ನೆಯನ್ನು ಹಲವರು ಅಲಂಕಾರ ಎಂದುಕೊಂಡು ಕೈಬಿಡುತ್ತಾರೆ. ಅದು ಹಾಗಲ್ಲ. ಹೆಸರಿಟ್ಟವರು ಈ ಪ್ರಭೇದವನ್ನು ಮೊದಲು ಬೇರೆ ಕುಲದಲ್ಲಿ ಇಟ್ಟಿದ್ದರು, ಆಮೇಲೆ ಯಾರೋ ಅದನ್ನು ಇಲ್ಲಿಗೆ ತಂದರು ಎಂಬ ಇಡೀ ಇತಿಹಾಸ ಆ ಎರಡು ಬಾಗಿದ ಗೆರೆಗಳಲ್ಲಿದೆ. ಕುಲ ಬದಲಾಗದೆ ಉಳಿದ ಪ್ರಭೇದಕ್ಕೆ ಆವರಣ ಹಾಕುವುದಿಲ್ಲ. ಕುಲ ಎಷ್ಟು ಸಲ ಬದಲಾದರೂ ಎರಡನೆಯ ಪದ, ಅಂದರೆ ಸ್ಟ್ರಿಗೇಟಸ್, ಪ್ರಾಣಿಯ ಜೊತೆಗೇ ಹೋಗುತ್ತದೆ. ಬೇರೆ ಬೇರೆ ಕಾಲದ ಪುಸ್ತಕಗಳನ್ನು ಹೋಲಿಸುವಾಗ ಎರಡನೆಯ ಪದವನ್ನೂ ಹರ್ಬ್ಸ್ಟ್ ಅವರ ಹೆಸರನ್ನೂ ಹಿಡಿದು ಹುಡುಕಿ. ನಿಮ್ಮ ಎರಡು ಕೈಪಿಡಿಗಳೂ ಒಂದೇ ಪ್ರಾಣಿಯನ್ನು ಹೇಳುತ್ತಿವೆ ಎಂಬುದು ಅಲ್ಲೇ ಹೊಳೆಯುತ್ತದೆ.

ಈಗ ಬಣ್ಣಕ್ಕೆ ಬರೋಣ. ಹಳೆಯ ವರ್ಗೀಕರಣಕಾರರು ಬಣ್ಣವನ್ನು ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಅವರ ಮುಂದಿದ್ದ ಜಾಡಿಗಳು. ಏಡಿಗಳ ಕೆಂಪು, ಹಳದಿ, ನೀಲಿಗಳಿಗೆಲ್ಲ ಮುಖ್ಯವಾಗಿ ಕಾರಣ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳು. ಪ್ರೋಟೀನಿನ ಜೊತೆ ಬೆಸೆದುಕೊಂಡಾಗ ಅವು ನೀಲಿ, ಹಸಿರುಗಳನ್ನು ಕೊಡುತ್ತವೆ. ಬೆಸುಗೆ ಮುರಿದರೆ ಕೆಂಪಾಗುತ್ತವೆ. ಏಡಿಯನ್ನು ಬಿಸಿನೀರಿಗೆ ಹಾಕಿದಾಗ ಆಗುವುದು ಇದೇ. ಮದ್ಯಸಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವರ್ಣದ್ರವ್ಯವನ್ನೇ ಕರಗಿಸಿ ಹೊರಗೆಳೆಯುತ್ತದೆ. ಕೆಲವೇ ವಾರಗಳಲ್ಲಿ ದ್ರವ ಹಳದಿಯಾಗುತ್ತದೆ, ಪ್ರಾಣಿ ಬಿಳಿಯಾಗುತ್ತದೆ. ಹೀಗೆ ಬಣ್ಣ ಕಳೆದುಕೊಂಡ ಮಾದರಿಗಳ ಮೇಲೆ ಕಟ್ಟಿದ ಶಾಸ್ತ್ರ ಮುಳ್ಳು, ರೋಮ, ಗಣ್ಣುಗಳ ಅಳತೆಯನ್ನೇ ನೆಚ್ಚಿಕೊಂಡದ್ದು ಸಹಜ. ಕಡಲಿನೊಳಗೆ ಛಾಯಾಚಿತ್ರ ತೆಗೆಯುವುದು ಸುಲಭವಾದ ಮೇಲೆ ಚಿತ್ರಣ ಬದಲಾಯಿತು. ಒಂದೇ ಪ್ರಭೇದ ಎಂದು ತಿಳಿದಿದ್ದ ಏಡಿಗಳು ಬೇರೆ ಬೇರೆ ದ್ವೀಪಗಳಲ್ಲಿ ಬೇರೆ ಬೇರೆ ಬಣ್ಣದಲ್ಲಿ ಓಡಾಡುತ್ತಿದ್ದುದು ಕಣ್ಣಿಗೆ ಬಿತ್ತು.

ಸ್ಟ್ರಿಗೇಟಸ್‌ಗೆ ಆದದ್ದೂ ಇದೇ. 1995ರ ಪರಿಷ್ಕರಣೆಯಲ್ಲೇ ಫೊರೆ ಅವರು ಅದಕ್ಕೆ ಬಹಳ ಹತ್ತಿರವಾದ ಸಿಲಿಯೋಪಗುರಸ್ ಟ್ರೈಕಲರ್ ಎಂಬ ಪ್ರಭೇದವನ್ನು ಪಶ್ಚಿಮ ಹಿಂದೂ ಮಹಾಸಾಗರದಿಂದ ಬೇರ್ಪಡಿಸಿದ್ದರು. 2001ರಲ್ಲಿ ಜೋಸೆಫ್ ಪೂಪ್ಯಾನ್ ಅವರು ಪೆಸಿಫಿಕ್ ಸಾಗರದ ಮಾರ್ಕೇಸಸ್ ದ್ವೀಪಗಳಿಂದ ಸಿಲಿಯೋಪಗುರಸ್ ವಕೊವಕೊ ಎಂಬುದನ್ನು ವರ್ಣಿಸಿದರು. 2009ರಲ್ಲಿ ಅವರೇ ಮ್ಯಾಚೆಲ್ ಮಲಯ್ ಅವರೊಂದಿಗೆ ಸೇರಿ ಫ್ರೆಂಚ್ ಪಾಲಿನೇಷ್ಯಾದಿಂದ ಸಿಲಿಯೋಪಗುರಸ್ ಗಾಲ್ಜಿನಿ ಎಂಬ ನಾಲ್ಕನೆಯದನ್ನು ಸೇರಿಸಿ, ಈ ನಾಲ್ಕೂ ಒಂದು ‘ಪ್ರಭೇದ ಗುಚ್ಛ’ ಎಂದು ತೋರಿಸಿದರು. ಮೈಕಟ್ಟಿನಲ್ಲಿ ಈ ನಾಲ್ಕರ ನಡುವೆ ವ್ಯತ್ಯಾಸ ಹುಡುಕುವುದು ತೀರ ಕಷ್ಟ. ಜೀವಂತ ಬಣ್ಣ ಬೇರೆ, ಡಿಎನ್‌ಎ ಬೇರೆ, ವಾಸದ ಪ್ರದೇಶ ಬೇರೆ. ಬಣ್ಣ ಹೇಳಿದ್ದನ್ನು ಡಿಎನ್‌ಎ ಒಪ್ಪಿಕೊಂಡದ್ದರಿಂದಲೇ ಈ ವಿಂಗಡಣೆಗೆ ತೂಕ ಬಂತು. ಬಣ್ಣದಿಂದ ಶುರು ಮಾಡಬೇಡಿ, ಬಣ್ಣವನ್ನು ಬಿಡಲೂ ಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಇಕ್ಕಳದ ಏಣು ಇಲ್ಲದಿದ್ದರೆ ನೀವು ಕುಲವನ್ನು ತಲುಪುವುದಿಲ್ಲ. ಬಣ್ಣ ಇಲ್ಲದಿದ್ದರೆ ಕುಲದಿಂದ ಪ್ರಭೇದಕ್ಕೆ ಇಳಿಯಲಾಗುವುದಿಲ್ಲ.

ಜಾಗ ಏಕೆ ಬೇಕು ಎಂಬುದು ಈಗ ತಿಳಿದಿರಬೇಕು. ಸ್ಟ್ರಿಗೇಟಸ್ ಹಿಂದೂ ಮತ್ತು ಪಶ್ಚಿಮ ಪೆಸಿಫಿಕ್ ಸಾಗರಗಳ ಬಹಳ ವಿಶಾಲವಾದ ಪ್ರದೇಶದಲ್ಲಿ ಹರಡಿದೆ. ನಿಮ್ಮ ಏಡಿಯ ಕಾಲಿನಲ್ಲಿ ಕೆಂಪು, ಹಳದಿ ಎರಡೇ ಬಣ್ಣದ ಬಳೆಗಳು ಸ್ಪಷ್ಟವಾಗಿ ಸರದಿಯಾಗಿ ಬರುತ್ತವೆ. ಇದು ಸ್ಟ್ರಿಗೇಟಸ್‌ಗೆ ಸರಿಯಾಗಿ ಹೊಂದುತ್ತದೆ. ಚಿತ್ರ ತೆಗೆದದ್ದು ಪಶ್ಚಿಮ ಹಿಂದೂ ಮಹಾಸಾಗರದಲ್ಲಾದರೆ ಟ್ರೈಕಲರ್ ಜೊತೆಗೂ, ಪಾಲಿನೇಷ್ಯಾದ ಕಡೆಯಾದರೆ ಉಳಿದೆರಡರ ಜೊತೆಗೂ ಹೋಲಿಸಿ ನೋಡಿದ ಮೇಲೆಯೇ ಮಾತು ಮುಗಿಸಬೇಕು. ಬೇರೆಲ್ಲಾದರೂ ಆಗಿದ್ದರೆ ಸ್ಟ್ರಿಗೇಟಸ್ ಎಂದೇ ಬರೆದುಕೊಳ್ಳಿ.

ಶಂಖದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಶಂಖ ಏಡಿಯ ಮೈಯ ಭಾಗವಲ್ಲ. ಸತ್ತ ಬಸವನಹುಳುವಿನ ಮನೆ. ಬೆಳೆದಂತೆಲ್ಲ ಏಡಿ ಅದನ್ನು ಬದಲಿಸುತ್ತದೆ. ಆದ್ದರಿಂದ ಶಂಖವನ್ನು ನೋಡಿ ಸನ್ಯಾಸಿ ಏಡಿಯನ್ನು ಗುರುತಿಸಬಾರದು ಎಂದು ಎಲ್ಲರಿಗೂ ಹೇಳಿಕೊಡುತ್ತೇವೆ. ಈ ಏಡಿಯ ಮಟ್ಟಿಗೆ ಆ ನಿಯಮವನ್ನು ಸ್ವಲ್ಪ ಸಡಿಲಿಸುತ್ತೇನೆ. ನೀವು ಕಂಡದ್ದು ಕೋನ್ ಶಂಖ. ಅದರ ಬಾಯಿ ಉದ್ದವಾದ ಕಿರುಸೀಳು. ಸಾಮಾನ್ಯ ಸನ್ಯಾಸಿ ಏಡಿಯ ದುಂಡು ಮೈಗೆ ಅದು ಒಗ್ಗದು. ಸ್ಟ್ರಿಗೇಟಸ್‌ನ ಮೈ ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗಿದ್ದು, ಇಕ್ಕಳಗಳನ್ನೂ ಕಾಲುಗಳನ್ನೂ ಅಕ್ಕಪಕ್ಕ ಮಡಚಿ ಅಂತಹ ಸೀಳಿನೊಳಗೆ ಸರಾಗವಾಗಿ ಜಾರಿಕೊಳ್ಳುತ್ತದೆ. ಒಂದು ಇಕ್ಕಳ ಊದಿಕೊಂಡಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ಮೊದಲನೆಯ ಚಿತ್ರದಲ್ಲಿ ಅದರ ಕಾಲುಗಳು ಒಂದೇ ಮಟ್ಟದಲ್ಲಿ ಹೊರಚಾಚಿರುವುದನ್ನು ಗಮನಿಸಿ. ಕೋನ್ ಶಂಖ ಇಲ್ಲಿ ಸಾಕ್ಷಿಯಲ್ಲ, ಆದರೆ ಸಾಕ್ಷಿಯ ಮಾತಿಗೆ ಸರಿಹೊಂದುವ ಸಂಗತಿ. ಒಂದು ಎಚ್ಚರಿಕೆ: ಕೋನ್ ಶಂಖದೊಳಗೆ ಏಡಿಯ ಬದಲು ಜೀವಂತ ಕೋನ್ ಹುಳುವೇ ಇರಬಹುದು. ಅದರ ವಿಷದ ಕುಟುಕು ಮನುಷ್ಯರ ಪ್ರಾಣ ತೆಗೆದದ್ದುಂಟು. ಕಾಲುಗಳು ಹೊರಗೆ ಕಾಣದ ಹೊರತು ಅಂತಹ ಶಂಖವನ್ನು ಎಂದೂ ಮುಟ್ಟಬೇಡಿ.

ಗುರುತಿಸುವವರು ಪ್ರಾಣಿಯ ಒಂದು ವಯಸ್ಸನ್ನಷ್ಟೇ ನೋಡುತ್ತಾರೆ ಎಂಬುದೂ ನೆನಪಿನಲ್ಲಿರಲಿ. ಸನ್ಯಾಸಿ ಏಡಿಯ ಮರಿ ಶಂಖವಿಲ್ಲದೆ ತೆರೆದ ನೀರಿನಲ್ಲಿ ತೇಲುತ್ತದೆ, ಹಲವು ಸಲ ಪೊರೆ ಕಳಚಿ, ನೆಲಕ್ಕೆ ಇಳಿಯುವ ಮುನ್ನ ಪುಟ್ಟ ಸೀಗಡಿಯಂತಹ ರೂಪ ತಾಳುತ್ತದೆ. 1830ರಲ್ಲಿ ಆನ್ರಿ ಮಿಲ್ನ್ ಎಡ್ವರ್ಡ್ಸ್ ಅವರು ಆ ರೂಪವನ್ನೇ ಒಂದು ಬೇರೆ ಪ್ರಾಣಿಯೆಂದು ತಿಳಿದು ಗ್ಲಾಕೋಥೋ ಎಂಬ ಕುಲವನ್ನು ಮಾಡಿದ್ದರು. ಅದು ಸನ್ಯಾಸಿ ಏಡಿಯ ಮರಿ ಎಂದು ಆಮೇಲೆ ತಿಳಿಯಿತು. ಕುಲ ಹೋಯಿತು, ಮರಿಯ ಹಂತಕ್ಕೆ ಹೆಸರಾಗಿ ಆ ಪದ ಉಳಿಯಿತು.

ಮುಂದಿನ ಸಲ ಇಂತಹ ಏಡಿ ಕಂಡಾಗ ಚಿತ್ರ ತೆಗೆಯುವ ಬಗೆಯನ್ನು ಹೇಳುತ್ತೇನೆ. ಅಂದವಾದ ಚಿತ್ರವೇ ಗುರುತಿಗೆ ಒದಗುವ ಚಿತ್ರವಾಗಿರಬೇಕೆಂದಿಲ್ಲ. ಮೊದಲು ಎದುರಿನಿಂದ, ಎರಡೂ ಇಕ್ಕಳಗಳು ಒಟ್ಟಿಗೆ ಬರುವಂತೆ ತೆಗೆಯಿರಿ; ಯಾವುದು ದೊಡ್ಡದು, ಒಳಮುಖ ಹೇಗಿದೆ ಎಂಬುದು ಅದರಲ್ಲೇ ತಿಳಿಯಬೇಕು. ಆಮೇಲೆ ನೇರ ಮೇಲಿನಿಂದ ಕಣ್ಣುತೊಟ್ಟುಗಳ ಬುಡಕ್ಕೆ. ಕಣ್ಣುತೊಟ್ಟಿನ ಉದ್ದ, ಬಣ್ಣ, ಬುಡದ ಹುರುಪೆಗಳು ಬಹಳಷ್ಟು ಕುಲಗಳಲ್ಲಿ ನಿರ್ಣಾಯಕ. ಮೀಸೆಗಳ ಬಣ್ಣವೂ ಅದೇ ಚಿತ್ರದಲ್ಲಿ ಬರಲಿ. ಎಡಗಡೆಯ ಮತ್ತು ಬಲಗಡೆಯ ನಡೆಯುವ ಕಾಲುಗಳನ್ನು ಬೇರೆ ಬೇರೆಯಾಗಿ, ಕೊನೆಯ ಎರಡು ಗಣ್ಣುಗಳು ಚೂಪಾಗಿ ಕಾಣುವಂತೆ ತೆಗೆಯಿರಿ. ಏಡಿಯ ಎರಡು ಬದಿಗಳು ಒಂದೇ ಥರ ಇರಬೇಕೆಂದೇನೂ ಇಲ್ಲ. ಅಳತೆಗೆ ಪಕ್ಕದಲ್ಲಿ ಏನಾದರೂ ಇರಲಿ. ನೀರಿನ ಆಳ, ತಳ ಮರಳೋ ಹವಳದ ಚೂರೋ, ಹಗಲೋ ರಾತ್ರಿಯೋ ಎಂಬುದನ್ನು ಅಲ್ಲೇ ಬರೆದಿಟ್ಟುಕೊಳ್ಳಿ. ಆಳಕ್ಕೆ ಹೋದಂತೆ ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಟಾರ್ಚ್ ಅಥವಾ ಫ್ಲ್ಯಾಶ್ ಇಲ್ಲದೆ ತೆಗೆದ ಚಿತ್ರದ ಬಣ್ಣವನ್ನು ನಂಬಲಾಗದು. ಕೆಂಪು ಪಟ್ಟೆ ಕಂದಾಗಿಯೋ ಕಪ್ಪಾಗಿಯೋ ಕಾಣುತ್ತದೆ. ಬಣ್ಣವೇ ಪ್ರಭೇದವನ್ನು ನಿರ್ಧರಿಸುವ ಗುಚ್ಛದಲ್ಲಿ ಇದು ಸಣ್ಣ ವಿಷಯವಲ್ಲ.

ಒಳಗಿನ ಭಾಗ ನೋಡಬೇಕೆಂಬ ಆಸೆಗೆ ಏಡಿಯನ್ನು ಶಂಖದಿಂದ ಎಂದಿಗೂ ಎಳೆಯಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಿಡಿತ ಬಿಡುವುದಕ್ಕಿಂತ ಮೈ ಹರಿದುಕೊಳ್ಳುವುದನ್ನೇ ಅದು ಆರಿಸಿಕೊಳ್ಳುತ್ತದೆ. ಮೆತ್ತನೆಯ ಹೊಟ್ಟೆ ಹರಿದ ಏಡಿ ಬದುಕುವುದಿಲ್ಲ. ನೀವು ಅಲುಗಾಡದೆ ಕಾದರೆ ಅದು ತಾನಾಗಿಯೇ ಹೊರಬರುತ್ತದೆ. ಮೊದಲು ಮೀಸೆ, ಆಮೇಲೆ ಒಂದು ಕಣ್ಣು, ಇನ್ನೊಂದು ಕಣ್ಣು, ಒಂದೊಂದೇ ಕಾಲು. ನಾಲ್ಕೈದು ನಿಮಿಷದ ತಾಳ್ಮೆ ಸಾಕು. ನೋಡಿದ ಜಾಗದಲ್ಲೇ ಬಿಟ್ಟು ಬನ್ನಿ. ಹತ್ತಿರ ಬಿದ್ದಿರುವ ಖಾಲಿ ಶಂಖಗಳನ್ನೂ ತರಬೇಡಿ. ಕೋನ್ ಶಂಖಕ್ಕೇ ಹೊಂದಿಕೊಂಡ ಮೈಯ ಈ ಏಡಿಗೆ ಮುಂದಿನ ಮನೆ ಅದರಲ್ಲೇ ಎಲ್ಲೋ ಇರಬಹುದು.

ಚಿತ್ರ ತೆಗೆದ ದ್ವೀಪ ಅಥವಾ ಕರಾವಳಿಯ ಹೆಸರು, ಆಳ, ತಿಂಗಳು ಇವನ್ನು ಬರೆದು ಕಳುಹಿಸಿ. ಸಾಧ್ಯವಾದರೆ ಎರಡನೆಯ ಚಿತ್ರದ ಮೂಲ ಕಡತವನ್ನೂ ಕುಗ್ಗಿಸದೆ ಕಳುಹಿಸಿ. ಕಣ್ಣುತೊಟ್ಟುಗಳ ಬುಡದ ಬಣ್ಣವನ್ನು ಇನ್ನೊಮ್ಮೆ ನೋಡಬೇಕು.